ಯಂತ್ರ ಬೇಡದ ಕಾಫಿ

ಹುರಿದ ಕಾಫಿಬೀಜ ತನ್ನ ತೂಕದ ಸುಮಾರು ಶೇ 30ರಷ್ಟನ್ನು ಮಾತ್ರ ಬಿಸಿನೀರಿಗೆ ಬಿಟ್ಟುಕೊಡಬಲ್ಲದು. ಉಳಿದದ್ದು ನಾರು, ಎಷ್ಟು ಕುದಿಸಿದರೂ ಕರಗುವುದಿಲ್ಲ. ಕರಗುವ ಅಂಶವೆಲ್ಲ ಲೋಟಕ್ಕೆ ಇಳಿಯಲೇಬೇಕೆಂದೂ ಇಲ್ಲ. ಮೊದಲು ಬಿಡುವುದು ಹುಳಿ ಮತ್ತು ಹಣ್ಣಿನ ಘಮ, ಆಮೇಲೆ ಸಿಹಿ, ಕಡೆಗೆ ಕಹಿ ಮತ್ತು ಒಗರು. ಪುಡಿಯ ತೂಕದ ಶೇ 18ರಿಂದ 22ರಷ್ಟು ನೀರಿಗೆ ಇಳಿದರೆ ರುಚಿ ಹದವಾಗಿರುತ್ತದೆ ಎಂಬುದು ಕಾಫಿ ವೃತ್ತಿಯಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಕಾಫಿ ಹುಳಿಹುಳಿಯಾಗಿ ನೀರಾಗುತ್ತದೆ, ಹೆಚ್ಚಾದರೆ ಗಂಟಲು ಕೆರೆಯುವಷ್ಟು ಕಹಿ. ಈ ಹದ ಹಿಡಿಯಲು ಬೇಕಾದದ್ದು ಒಳ್ಳೆಯ ಪುಡಿ, ಕುದಿಯುವ ಹಂತದ ನೀರು, ಸ್ವಲ್ಪ ಹೊತ್ತು, ಕೊನೆಗೆ ಚರಟ ಹಿಡಿದಿಡುವ ಒಂದು ಜಾಲರಿ. ಈ ನಾಲ್ಕರಲ್ಲಿ ಯಾವುದಕ್ಕೂ ವಿದ್ಯುತ್ ಪ್ಲಗ್ ಬೇಕಾಗಿಲ್ಲ.

ಆದರೂ ಕಾಫಿ ಯಂತ್ರಗಳ ಮಾರುಕಟ್ಟೆ ಬೆಳೆಯುತ್ತಲೇ ಇದೆ. ಮಿಕ್ಸಿ, ಕುಕ್ಕರ್, ಇಂಡಕ್ಷನ್ ಒಲೆಗಳ ನಡುವೆ ಈಗಾಗಲೇ ಇಕ್ಕಟ್ಟಾಗಿರುವ ಅಡುಗೆಮನೆ ಕಟ್ಟೆಯ ಮೇಲೆ ಎಸ್ಪ್ರೆಸೊ ಯಂತ್ರ, ಕ್ಯಾಪ್ಸೂಲ್ ಯಂತ್ರ, ಹಾಲಿಗೆ ನೊರೆ ಬರಿಸುವ ಉಪಕರಣ, ಡಿಗ್ರಿ ತೋರಿಸುವ ಕೆಟಲ್ ಬಂದು ಕೂರುತ್ತಿವೆ. ಇವು ಕೆಟ್ಟ ವಸ್ತುಗಳೇನಲ್ಲ. ಆದರೆ ಕಾಫಿಯ ರುಚಿಯ ದೊಡ್ಡ ಪಾಲು ನೀರು ಪುಡಿಯನ್ನು ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ಯಂತ್ರ ಕೈಹಾಕುವುದು ಆ ಸರಪಳಿಯ ಕೊಟ್ಟಕೊನೆಯ ಕೊಂಡಿಗೆ. ಹಳಸಿದ ಪುಡಿಯನ್ನು ಲಕ್ಷ ರೂಪಾಯಿಯ ಯಂತ್ರಕ್ಕೆ ಹಾಕಿದರೂ ಬರುವುದು ಹಳಸಿದ ಕಾಫಿಯೇ.

ಹಾಗಾಗಿ ಮೊದಲು ಪುಡಿಯ ವಿಚಾರ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವುದು ಕರ್ನಾಟಕ. ಅದರಲ್ಲೂ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳು. ತೋಟದಲ್ಲಿ ಹಣ್ಣನ್ನು ಪಲ್ಪ್ ಮಾಡಿ, ತೊಳೆದು ಒಣಗಿಸಿದ ಅರೇಬಿಕಾಕ್ಕೆ ಪ್ಲಾಂಟೇಷನ್ ಎಂದು ಹೆಸರು, ಅದೇ ರೀತಿ ತೊಳೆದ ರೋಬಸ್ಟಾಕ್ಕೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಎರಡೂ ಚೆರ್ರಿ. ಒಂದು ಹಣ್ಣಿನಲ್ಲಿ ಎರಡು ಬೀಜದ ಬದಲು ಒಂದೇ ದುಂಡುಬೀಜ ಬೆಳೆದರೆ ಅದು ಪೀಬೆರಿ. ಅರೇಬಿಕಾಕ್ಕೆ ಘಮ ಹೆಚ್ಚು, ರೋಬಸ್ಟಾಕ್ಕೆ ಗಡಸು ಹೆಚ್ಚು. ರೋಬಸ್ಟಾದಲ್ಲಿ ಕೆಫೀನ್ ಅಂಶ ಅರೇಬಿಕಾದ ಸುಮಾರು ಎರಡರಷ್ಟಿರುತ್ತದೆ. ಎಸ್ಪ್ರೆಸೊ ಮೇಲೆ ಕಾಣುವ ದಟ್ಟ ನೊರೆಗೆ ರೋಬಸ್ಟಾ ಒಳ್ಳೆಯದೆಂಬ ಕಾರಣಕ್ಕೆ ಇಟಲಿ ಭಾರತೀಯ ಕಾಫಿಯ ದೊಡ್ಡ ಗಿರಾಕಿಯಾಗಿದೆ. ಕೊಡಗಿನಲ್ಲಿ ಬೆಳೆದ ಬೀಜ ಸಮುದ್ರ ದಾಟಿ ಹೋಗಿ, ಇಟಲಿಯ ಹೆಸರಿನ ಡಬ್ಬಿಯಲ್ಲಿ ಮತ್ತೆ ಬೆಂಗಳೂರಿನ ಅಂಗಡಿಗೆ ಬಂದು ನಾಲ್ಕಾರು ಪಟ್ಟು ಬೆಲೆಗೆ ಕೂರುವ ಸಂಭವವೂ ಇಲ್ಲದಿಲ್ಲ.

ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಮತ್ತು ಸುವಾಸನೆಯ ಎಣ್ಣೆಗಳು ಸೆರೆಯಾಗಿರುತ್ತವೆ. ಬೀಜ ಇಡಿಯಾಗಿದ್ದಷ್ಟು ದಿನ ಇವು ನಿಧಾನವಾಗಿ ಹೊರಬೀಳುತ್ತವೆ. ಪುಡಿಮಾಡಿದ ಕ್ಷಣದಿಂದ ಓಟ ಶುರು. ಗಾಳಿಗೆ ತೆರೆದುಕೊಳ್ಳುವ ಮೈ ಹಲವು ಪಟ್ಟು ಹೆಚ್ಚುತ್ತದೆ, ಘಮ ಹಾರುತ್ತದೆ, ಎಣ್ಣೆ ಹಳಸುತ್ತದೆ. ಅಂಗಡಿಯ ಹೊಸ ಪುಡಿಗೆ ಬಿಸಿನೀರು ಬಿದ್ದೊಡನೆ ಅದು ಬುಸ್ಸೆಂದು ಉಬ್ಬುವುದು ಒಳಗಿನ ಅನಿಲ ಹೊರಬರುವುದರಿಂದ. ಉಬ್ಬದ ಪುಡಿ ಹಳೆಯದೆಂದು ತಿಳಿಯಬಹುದು, ಪೊಟ್ಟಣದ ಮೇಲೆ ಯಾವ ದಿನಾಂಕವೇ ಇರಲಿ. ಈ ವಿಷಯದಲ್ಲಿ ಕರ್ನಾಟಕದ ಊರುಗಳಿಗೆ ಒಂದು ಅನುಕೂಲವಿದೆ, ಅದರ ಬೆಲೆ ಹಲವರಿಗೆ ತಿಳಿದಿಲ್ಲ. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಕಣ್ಣೆದುರೇ ಬೀಜ ಪುಡಿಮಾಡಿಕೊಡುವ ಕಾಫಿಪುಡಿ ಅಂಗಡಿಗಳು ಇನ್ನೂ ಉಳಿದಿವೆ. ಪ್ಲಾಂಟೇಷನ್ ಎಷ್ಟು, ಪೀಬೆರಿ ಎಷ್ಟು, ಚಿಕೋರಿ ಹಾಕಬೇಕೆ ಬೇಡವೆ ಎಂದು ಅಲ್ಲೇ ಕೇಳುತ್ತಾರೆ. ಪಾಶ್ಚಾತ್ಯ ನಗರಗಳಲ್ಲಿ ಕಾಫಿಪ್ರಿಯರು ಮನೆಯಲ್ಲೇ ದುಬಾರಿ ಗ್ರೈಂಡರ್ ಇಟ್ಟುಕೊಂಡು ಸಾಧಿಸುವುದನ್ನು ಇಲ್ಲಿ ವಾರಕ್ಕೊಮ್ಮೆ ನೂರು, ಇನ್ನೂರು ಗ್ರಾಂ ಕೊಂಡು ಸಾಧಿಸಬಹುದು. ಅಗ್ಗವೆಂದು ತಿಂಗಳಿಗಾಗುವಷ್ಟು ಪುಡಿಯನ್ನು ಒಮ್ಮೆಗೇ ತಂದಿಡುವುದೇ ಮನೆಯ ಕಾಫಿ ಸಪ್ಪೆಯಾಗುವುದಕ್ಕೆ ಸಾಮಾನ್ಯ ಕಾರಣ. ಮಿಕ್ಸಿಯಲ್ಲಿ ಬೀಜ ಪುಡಿಮಾಡುವುದಕ್ಕೂ ಒಂದು ತೊಡಕಿದೆ. ಅದರ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಕತ್ತರಿಸುತ್ತದೆ. ಹಿಟ್ಟೂ ರವೆಯೂ ಒಟ್ಟಿಗೆ ಬರುತ್ತವೆ. ಹಿಟ್ಟಿನಿಂದ ಕಹಿ ಇಳಿಯುವಷ್ಟರಲ್ಲಿ ರವೆಯಿಂದ ಇನ್ನೂ ಹುಳಿಯೇ ಹೊರಟಿರುತ್ತದೆ.

ಇನ್ನು ಚಿಕೋರಿ. ಇದು ಒಂದು ಗಿಡದ ಬೇರು. ಒಣಗಿಸಿ, ಹುರಿದು ಪುಡಿಮಾಡಿದ್ದು. ಕೆಫೀನ್ ಇಲ್ಲ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಕಾಫಿ ಸಿಗದೆ ಯೂರೋಪು ಇದನ್ನು ರೂಢಿಮಾಡಿಕೊಂಡಿತು. ಭಾರತದಲ್ಲಿ ಇದನ್ನು ಹೆಚ್ಚಾಗಿ ಬೆಳೆಯುವುದು ಗುಜರಾತ್ ಮತ್ತು ಉತ್ತರ ಪ್ರದೇಶ. ಕಾಫಿಗಿಂತ ಚಿಕೋರಿ ನೀರಿನಲ್ಲಿ ಹೆಚ್ಚು ಕರಗುತ್ತದೆ. ಆದ್ದರಿಂದ ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಗಟ್ಟಿತನ ಬೇಗ ಬರುತ್ತವೆ. ಪುಡಿಯ ಪದರ ಅಂಟಾಗಿ ತೊಟ್ಟಿಕ್ಕುವುದೂ ನಿಧಾನವಾಗುತ್ತದೆ. ಹಾಲು ಹೆಚ್ಚು ಹಾಕುವವರಿಗೆ ಶೇ 10, 20 ಚಿಕೋರಿ ಒಗ್ಗುತ್ತದೆ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕೆಂಬುದು ದೇಶದ ಆಹಾರ ನಿಯಮ. ಎಂದರೆ ಹೆಚ್ಚುಕಡಿಮೆ ಅರ್ಧದಷ್ಟು ಬೇರಿನ ಪುಡಿ ಬೆರೆಸಿ ಮಾರುವುದೂ ಕಾನೂನುಬದ್ಧವೇ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದುವ ಅಭ್ಯಾಸ ಒಳ್ಳೆಯದು.

ಪುಡಿ ಸರಿಯಾಗಿದ್ದರೆ ಫಿಲ್ಟರ್ ಸಾಕು. ಒಂದರ ಮೇಲೊಂದು ಕೂರುವ ಎರಡು ಲೋಹದ ಪಾತ್ರೆಗಳು, ಮೇಲಿನದರ ತಳದಲ್ಲಿ ಸಣ್ಣ ತೂತುಗಳು, ಪುಡಿಯನ್ನು ಒತ್ತಲು ಹಿಡಿಯಿರುವ ತೂತುಬಿಲ್ಲೆ, ಒಂದು ಮುಚ್ಚಳ. ಹಿತ್ತಾಳೆಯದೋ ಸ್ಟೀಲಿನದೋ, ತತ್ವ ಒಂದೇ. ಇದರಲ್ಲಿ ತಿರುಗುವ, ಉರಿಯುವ, ಸವೆಯುವ ಭಾಗ ಒಂದೂ ಇಲ್ಲ. ಅಜ್ಜಿಯ ಮದುವೆಗೆ ಬಂದ ಫಿಲ್ಟರ್ ಮೊಮ್ಮಗಳ ಮನೆಯಲ್ಲಿ ಕೆಲಸ ಮಾಡುವುದು ಅಪರೂಪವೇನಲ್ಲ. ಕಾಫಿ ಯಂತ್ರದ ವಾರಂಟಿ ಸಾಮಾನ್ಯವಾಗಿ ಒಂದೆರಡು ವರ್ಷ.

ಮೂರು ನಾಲ್ಕು ಸಣ್ಣ ಲೋಟ ಕಾಫಿಗೆ ಸುಮಾರು 20 ಗ್ರಾಂ ಪುಡಿ, ಅಂದರೆ ಮೂರು ದೊಡ್ಡ ಚಮಚ. 120 ಮಿಲಿಲೀಟರ್ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು 80 ಮಿಲಿಲೀಟರ್ ಆಸುಪಾಸು. ಪಾತ್ರೆ ಒಣಗಿರಬೇಕು, ಒದ್ದೆಯಿದ್ದರೆ ಪುಡಿ ತೂತಿಗೆ ಕಚ್ಚಿಕೊಳ್ಳುತ್ತದೆ. ಪುಡಿಯನ್ನು ಸಮಮಾಡಿ, ಬಿಲ್ಲೆಯಿಂದ ಹಗುರವಾಗಿ ಒತ್ತಿ, ಬಿಲ್ಲೆಯನ್ನು ಅಲ್ಲೇ ಬಿಟ್ಟು, ಅದರ ಮೇಲೆ ನೀರು ಸುರಿಯಬೇಕು. ಬಿಲ್ಲೆಯ ಕೆಲಸ ಬರೀ ಒತ್ತುವುದಲ್ಲ. ಬೀಳುವ ನೀರಿನ ಧಾರೆಯನ್ನು ಅದು ಹರಡುತ್ತದೆ. ಇಲ್ಲದಿದ್ದರೆ ಧಾರೆ ಬಿದ್ದಲ್ಲಿ ಗುಂಡಿ ಕೊರೆದು ನೀರು ಅದೊಂದೇ ದಾರಿಯಲ್ಲಿ ಇಳಿದುಹೋಗುತ್ತದೆ. ಮೊದಲು ಪುಡಿ ನೆನೆಯುವಷ್ಟೇ ನೀರು ಹಾಕಿ ಅರ್ಧ ನಿಮಿಷ ಕಾದು, ಆಮೇಲೆ ಉಳಿದದ್ದನ್ನು ಸುರಿದರೆ ಅನಿಲ ಹೊರಹೋಗಿ ನೀರು ಒಂದೇ ಸಮನೆ ಇಳಿಯುತ್ತದೆ. ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಡಿಕಾಕ್ಷನ್ ಸಿದ್ಧ. ಐದೇ ನಿಮಿಷಕ್ಕೆ ಸರ್ರನೆ ಇಳಿದರೆ ಪುಡಿ ದಪ್ಪ ಅಥವಾ ಒತ್ತಿದ್ದು ಸಾಲದು. ಒಂದು ಗಂಟೆಯಾದರೂ ಇಳಿಯದಿದ್ದರೆ ಪುಡಿ ತೀರಾ ನಯ, ಇಲ್ಲವೇ ತೂತು ಕಟ್ಟಿದೆ.

ನೀರಿನ ಬಿಸಿ 90ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ಮಾತು ಕೇಳಿ ಡಿಗ್ರಿ ತೋರಿಸುವ ಕೆಟಲ್ ಕೊಳ್ಳುವವರಿದ್ದಾರೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಇನ್ನೂ ಎತ್ತರದ ಮಡಿಕೇರಿಯಲ್ಲಿ 96ಕ್ಕೆ. ಒಲೆ ಆರಿಸಿ ಪಾತ್ರೆ ಎತ್ತಿಕೊಂಡು ಫಿಲ್ಟರ್‌ವರೆಗೆ ಬರುವಷ್ಟರಲ್ಲಿ ನೀರು ತಾನಾಗಿಯೇ ಹದಕ್ಕೆ ಬಂದಿರುತ್ತದೆ. ಮಂಗಳೂರಿನವರು ಅರ್ಧ ನಿಮಿಷ ಹೆಚ್ಚು ಕಾದರಾಯಿತು.

ಫಿಲ್ಟರ್‌ಗಿಂತಲೂ ಸರಳವಾದ ದಾರಿ ಬಟ್ಟೆಯದು. ನೀರು ಕುದಿಸಿ, ಒಲೆ ಆರಿಸಿ, ಪುಡಿ ಹಾಕಿ ಮುಚ್ಚಿ, ನಾಲ್ಕೈದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸುವುದು. ಮಲೆನಾಡಿನ ಬೆಲ್ಲದ ಕಾಫಿ ಹೆಚ್ಚುಕಡಿಮೆ ಇದೇ ಜಾತಿಯದು. ನೀರಿಗೆ ಮೊದಲೇ ಬೆಲ್ಲ ಬಿದ್ದಿರುತ್ತದೆ ಅಷ್ಟೆ. ಪುಡಿ ಹಾಕಿದ ಮೇಲೆ ಕುದಿಸುತ್ತಲೇ ಇರುವುದೊಂದು ತಪ್ಪು, ಅದರಿಂದ ಒಗರೆಲ್ಲ ಇಳಿದುಬಿಡುತ್ತದೆ. ಬಟ್ಟೆಯನ್ನು ಸಾಬೂನು ಹಾಕದೆ ಬಿಸಿನೀರಿನಲ್ಲೇ ತೊಳೆಯಬೇಕು. ಸಾಬೂನಿನ ವಾಸನೆ ಒಂದು ಸಲ ಹಿಡಿದರೆ ಬಟ್ಟೆ ಎಸೆಯುವವರೆಗೂ ಬಿಡದು. ತುರ್ಕಿಯಲ್ಲಿ ಸೋಸುವ ಗೋಜೂ ಇಲ್ಲ. ಹಿಟ್ಟಿನಷ್ಟು ನಯವಾದ ಪುಡಿಯನ್ನು ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ನೊರೆಯೇಳುವವರೆಗೆ ಕಾಯಿಸಿ ಬಟ್ಟಲಿಗೆ ಸುರಿದರೆ ಚರಟ ತಳಕ್ಕೆ ತಾನೇ ಕೂರುತ್ತದೆ. ಈ ಕಾಫಿ ಸಂಸ್ಕೃತಿಯನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೇಲಿನಿಂದ ನೀರು ಸುರಿದು ಕೆಳಗೆ ತೊಟ್ಟಿಕ್ಕಿಸುವ ಎರಡಂತಸ್ತಿನ ಪಾತ್ರೆ ಫ್ರಾನ್ಸಿನಲ್ಲಿ 1800ರ ಹೊತ್ತಿಗೆ ಬಳಕೆಗೆ ಬಂದಿತ್ತು. ಅದನ್ನು ಪ್ಯಾರಿಸ್ಸಿನ ಆರ್ಚ್‌ಬಿಷಪ್ ಡಿ ಬೆಲ್ವಾ ಅವರ ಹೆಸರಿಗೆ ಜೋಡಿಸುವ ವಾಡಿಕೆಯಿದೆ. ಭಾರತದ ಫಿಲ್ಟರ್, ವಿಯೆಟ್ನಾಮಿನ ಫಿನ್ ಎರಡೂ ಅದನ್ನು ಬಹಳ ಹೋಲುತ್ತವೆ. ಆಮೇಲಿನ ಇನ್ನೂರು ವರ್ಷಗಳಲ್ಲಿ ಬಂದು ಉಳಿದುಕೊಂಡ ಕೈಯುಪಕರಣಗಳಲ್ಲಿ ಹಲವನ್ನು ರೂಪಿಸಿದವರು ಕಾಫಿ ಉದ್ಯಮದವರಲ್ಲ. ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್ 1908ರಲ್ಲಿ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲಾ ಪುಸ್ತಕದ ಬ್ಲಾಟಿಂಗ್ ಪೇಪರ್ ಹಾಸಿ ಕಾಫಿ ಸೋಸಿದರು. ಅದೇ ವರ್ಷ ಅದಕ್ಕೆ ಹಕ್ಕುಪತ್ರ ಪಡೆದು ಕಂಪನಿ ಕಟ್ಟಿದರು. ರಸಾಯನವಿಜ್ಞಾನಿ ಪೀಟರ್ ಶ್ಲುಂಬೋಮ್ 1941ರಲ್ಲಿ ಪ್ರಯೋಗಾಲಯದ ಆಲಿಕೆಯನ್ನೂ ಗಾಜಿನ ಫ್ಲಾಸ್ಕನ್ನೂ ಕೂಡಿಸಿ ಕೆಮೆಕ್ಸ್ ಮಾಡಿದ. ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಇದೆ. 2005ರಲ್ಲಿ ಏರೋಪ್ರೆಸ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ತಂದ ಅಲನ್ ಆಡ್ಲರ್ ಅದಕ್ಕೆ ಮೊದಲು ಹೆಸರು ಮಾಡಿದ್ದು ಮೈದಾನದಲ್ಲಿ ಎಸೆದಾಡುವ ಹಾರುಬಳೆಯಿಂದ. ಕಾಗದದ ಸೋಸುವಿಕೆಗೆ ಆರೋಗ್ಯದ ದೃಷ್ಟಿಯಿಂದ ಒಂದು ಹೆಚ್ಚುಗಾರಿಕೆಯೂ ಇದೆ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ರಕ್ತದ ಕೊಲೆಸ್ಟರಾಲ್ ಹೆಚ್ಚಿಸುತ್ತದೆ. ಕಾಗದ ಅದರ ಬಹುಪಾಲನ್ನು ತಡೆಹಿಡಿಯುತ್ತದೆ. ಸೋಸದೆ ಕುದಿಸಿದ ಕಾಫಿಯಲ್ಲಿ ಅದು ಹೆಚ್ಚು. ಕಪ್ಪು ಕಾಫಿಯನ್ನೇ ದಿನಕ್ಕೆ ಹಲವು ಸಲ ಕುಡಿಯುವವರು ಕಾಗದ ಬಳಸುವುದು ಲೇಸು.

ಫ್ರೆಂಚ್ ಪ್ರೆಸ್‌ನ ಕಥೆ ಚಿಕ್ಕದು. ಗಾಜಿನ ಪಾತ್ರೆ, ರವೆಯಷ್ಟು ದಪ್ಪ ಪುಡಿ, ನಾಲ್ಕು ನಿಮಿಷ, ಜಾಲರಿ ಒತ್ತು. ಹೆಸರು ಫ್ರೆಂಚ್ ಆದರೂ ಇಂದಿನ ರೂಪಕ್ಕೆ ಹತ್ತಿರದ 1929ರ ಪೇಟೆಂಟ್ ಇಟಲಿಯವರದು. ಅದೇ ಇಟಲಿಯಲ್ಲಿ 1933ರಲ್ಲಿ ಅಲ್ಫೊನ್ಸೊ ಬಿಯಾಲೆಟ್ಟಿಯ ಕಾರ್ಖಾನೆಯಿಂದ ಬಂದ ಅಲ್ಯೂಮಿನಿಯಂ ಮೋಕಾ ಪಾತ್ರೆ ಗ್ಯಾಸ್ ಒಲೆಯ ಮೇಲೆಯೇ ಕೂರುತ್ತದೆ. ಕೆಳಗಿನ ಕೋಣೆಯ ನೀರು ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರುತ್ತದೆ. ಐದು ನಿಮಿಷದಲ್ಲಿ ಗಟ್ಟಿ ಕಾಫಿ ಬೇಕೆನ್ನುವವರಿಗೆ, ಫಿಲ್ಟರ್ ತೊಟ್ಟಿಕ್ಕುವುದನ್ನು ಕಾಯಲಾರದವರಿಗೆ ಇದು ತಕ್ಕದ್ದು. ಗುಳುಗುಳು ಸದ್ದು ಶುರುವಾಗುತ್ತಲೇ ಇಳಿಸಬೇಕು, ತಡವಾದರೆ ಸುಟ್ಟ ಕಹಿ. ಚಿಕ್ಕ ಮೋಕಾ ನಮ್ಮ ಒಲೆಗಳ ಕಂಬಿಯ ಮೇಲೆ ನಿಲ್ಲದೆ ವಾಲುವುದರಿಂದ ಒಂದು ಸಣ್ಣ ಸ್ಟ್ಯಾಂಡ್ ಬೇಕಾಗುತ್ತದೆ.

ಈಗ ಯಂತ್ರಗಳು. ಎಸ್ಪ್ರೆಸೊ ಹುಟ್ಟಿದ್ದು ಮನೆಗಾಗಿ ಅಲ್ಲ, ಸಾಲುಗಟ್ಟಿ ನಿಂತ ಗಿರಾಕಿಗಳಿಗಾಗಿ. ಮಿಲಾನ್‌ನ ಲೂಯಿಜಿ ಬೆಜೆರಾ 1901ರಲ್ಲಿ ಪೇಟೆಂಟ್‌ಗೆ ಹಾಕಿದ ಯಂತ್ರದ ಹೆಚ್ಚುಗಾರಿಕೆ ಒಂದೊಂದು ಕಪ್ಪನ್ನು ಕ್ಷಣದಲ್ಲಿ ಮಾಡಿಕೊಡುವುದಾಗಿತ್ತು. ನೊರೆಯ ಎಸ್ಪ್ರೆಸೊ ಬಂದದ್ದು ಎರಡನೇ ಮಹಾಯುದ್ಧದ ನಂತರ, ಅಕಿಲೆ ಗಾಜಿಯಾನ ಸನ್ನೆಯ ಯಂತ್ರದಿಂದ. ಇಂದಿನ ರೂಢಿ 9 ಬಾರ್ ಒತ್ತಡ, 25ರಿಂದ 30 ಸೆಕೆಂಡು. ಒಂಬತ್ತು ಬಾರ್ ಎಂದರೆ ಸುಮಾರು 90 ಮೀಟರ್ ಎತ್ತರದ ನೀರಿನ ಕಂಬದ ಭಾರ. ಅಷ್ಟು ಒತ್ತಡ ಹುಟ್ಟಿಸಿ ತಡೆದುಕೊಳ್ಳಲು ಪಂಪು, ಬಾಯ್ಲರ್, ಕವಾಟ, ರಬ್ಬರ್ ವಾಷರುಗಳು ಬೇಕು; ದಪ್ಪನೆಯ ದೇಹ, ತೂಕ, ಬೆಲೆ ಎಲ್ಲ ಅದರ ಹಿಂದೆಯೇ ಬರುತ್ತವೆ. ಪೆಟ್ಟಿಗೆಯ ಮೇಲೆ 15 ಬಾರ್, 20 ಬಾರ್ ಎಂದು ಅಚ್ಚಾಗಿರುವುದು ಪಂಪಿನ ಗರಿಷ್ಠ ಶಕ್ತಿ. ಪುಡಿಗೆ ಬೇಕಾದದ್ದು ಒಂಬತ್ತೇ. ಅದೂ ಸಾಲದೆಂಬಂತೆ, ಎಸ್ಪ್ರೆಸೊದಲ್ಲಿ ಪುಡಿಯ ನಯ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹದ ತಪ್ಪುತ್ತದೆ. ಹಾಗಾಗಿ ಯಂತ್ರದ ಜೊತೆಗೆ ಒಳ್ಳೆಯ ಗ್ರೈಂಡರ್, ಗ್ರಾಂ ತೋರಿಸುವ ತಕ್ಕಡಿ, ಪುಡಿ ಒತ್ತುವ ಗುಂಡು ಬರುತ್ತವೆ. ಒಂದು ವಸ್ತು ಕೊಂಡವರು ಐದು ವಸ್ತುಗಳ ಒಡೆಯರಾಗುತ್ತಾರೆ. ಫಿಲ್ಟರ್‌ನಲ್ಲಿ ಪುಡಿಯ ಮೇಲೆ ನಿಲ್ಲುವ ನೀರಿನ ಎತ್ತರ ನಾಲ್ಕೈದು ಸೆಂಟಿಮೀಟರ್. ಅಷ್ಟೇ ಅದರ ಒತ್ತಡ. ಪುಡಿ ತುಸು ಆಚೀಚೆಯಾದರೂ ಅದು ಕ್ಷಮಿಸುತ್ತದೆ.

ಗಡಸು ನೀರಿನ ಪ್ರಶ್ನೆ ಬೇರೆಯೇ ಇದೆ. ಬೆಂಗಳೂರಿನಲ್ಲಿ ಕಾವೇರಿ ಸಂಪರ್ಕವಿಲ್ಲದ ಬಡಾವಣೆಗಳು, ಬಯಲುಸೀಮೆಯ ಹೆಚ್ಚಿನ ಊರುಗಳು ಕೊಳವೆಬಾವಿಯ ನೀರನ್ನೇ ನೆಚ್ಚಿವೆ. ಅಂಥ ನೀರು ಕಾದಾಗ ಸುಣ್ಣದ ಪದರ ಕಟ್ಟುತ್ತದೆ. ಪಾತ್ರೆಯಲ್ಲಿ ಕಟ್ಟಿದರೆ ಹುಣಸೆಹಣ್ಣಿನಲ್ಲಿ ಉಜ್ಜಿ ತೆಗೆಯಬಹುದು. ಯಂತ್ರದ ಬಾಯ್ಲರಿನೊಳಗೆ, ಸೂಜಿಯಷ್ಟು ಸಪೂರದ ಕವಾಟದಲ್ಲಿ ಕಟ್ಟಿದರೆ ಕಾಲಕಾಲಕ್ಕೆ ಅದಕ್ಕೆಂದೇ ಇರುವ ದ್ರಾವಣ ಹರಿಸಬೇಕು, ಇಲ್ಲವೇ ರಿಪೇರಿಯವರನ್ನು ಹುಡುಕಬೇಕು.

ಕ್ಯಾಪ್ಸೂಲ್ ಯಂತ್ರ ಈ ಕಷ್ಟಗಳನ್ನು ಬಹುಪಾಲು ಮರೆಮಾಚುತ್ತದೆ. ಗುಂಡಿ ಒತ್ತಿದರೆ ಕಾಫಿ. ಆದರೆ ಒಂದೊಂದು ಕ್ಯಾಪ್ಸೂಲಿನಲ್ಲಿರುವುದು ಐದಾರು ಗ್ರಾಂ ಪುಡಿ. ಕಿಲೋ ಲೆಕ್ಕಕ್ಕೆ ತಂದರೆ ಅಂಗಡಿಯ ಅತ್ಯುತ್ತಮ ಪೀಬೆರಿಗಿಂತಲೂ ಹಲವು ಪಟ್ಟು ಬೆಲೆ. ಪ್ರತಿ ಲೋಟಕ್ಕೊಂದು ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಡಬ್ಬಿ ಕಸಕ್ಕೆ. ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ 2016ರಲ್ಲಿ ಸರ್ಕಾರಿ ಕಚೇರಿಗಳಿಗೆ ಇವನ್ನು ಕೊಳ್ಳುವುದನ್ನೇ ನಿಲ್ಲಿಸಿತು. ಅಮೆರಿಕದಲ್ಲಿ ಕೆ-ಕಪ್ ಎಂಬ ಕ್ಯಾಪ್ಸೂಲ್ ರೂಪಿಸಿದ ಜಾನ್ ಸಿಲ್ವನ್, ಅದನ್ನು ಮಾಡಿದ್ದಕ್ಕೆ ಒಮ್ಮೊಮ್ಮೆ ಬೇಸರವಾಗುತ್ತದೆ ಎಂದು 2015ರಲ್ಲಿ ಹೇಳಿಕೊಂಡಿದ್ದರು. ಫಿಲ್ಟರ್‌ನ ಚರಟವಾದರೋ ಹೂಕುಂಡಕ್ಕೆ ಅಥವಾ ಗೊಬ್ಬರದ ಗುಂಡಿಗೆ ಹೋಗುತ್ತದೆ.

ವಿದ್ಯುತ್ ಡ್ರಿಪ್ ಯಂತ್ರ ಇವೆರಡಕ್ಕಿಂತ ಸಾಧು. ಅದು ಮಾಡುವುದೂ ಬಿಸಿನೀರನ್ನು ಪುಡಿಯ ಮೇಲೆ ಬಿಡುವುದನ್ನೇ. ಅದರ ದೋಷವಿರುವುದು ಪಾತ್ರೆಯ ಕೆಳಗಿನ ಬಿಸಿತಟ್ಟೆಯಲ್ಲಿ. ಗಂಟೆಗಟ್ಟಲೆ ಅದರ ಮೇಲೆ ಕುಳಿತ ಕಾಫಿ ಸೀದ ರುಚಿಗೆ ತಿರುಗುತ್ತದೆ. ಡಿಕಾಕ್ಷನ್ನಿಗೂ ಇದೇ ನಿಯಮ. ಅದನ್ನು ನೇರ ಉರಿಯ ಮೇಲಿಟ್ಟು ಕುದಿಸಬಾರದು; ಬಿಸಿಮಾಡಲೇಬೇಕಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಬೇಕು. ಕುದಿ ಬಂದ ಹಾಲಿಗೆ ಆರಿದ ಡಿಕಾಕ್ಷನ್ ಬೆರೆಸಿದರೂ ಸಾಕಷ್ಟು ಬಿಸಿಯೇ ಇರುತ್ತದೆ. ಬೆಳಿಗ್ಗೆ ಇಳಿಸಿದ್ದು ಸಂಜೆಯ ಹೊತ್ತಿಗೆ ಮುಗಿಯಬೇಕು. ಅದೇ ಪುಡಿಗೆ ಮತ್ತೆ ನೀರು ಹಾಕಿ ತೆಗೆಯುವ ಎರಡನೇ ಡಿಕಾಕ್ಷನ್ನಿಗೆ ಬರುವುದು ಮುಖ್ಯವಾಗಿ ಬಣ್ಣ ಮತ್ತು ಕಹಿ. ಅನಿರೀಕ್ಷಿತ ನೆಂಟರ ದಿನ ಅದೂ ಉಪಯೋಗಕ್ಕೆ ಬರುತ್ತದೆನ್ನಿ, ಮೊದಲನೆಯದರ ಜೊತೆ ಬೆರೆಸಿ ಕೊಟ್ಟರೆ.

ಹಾಲಿನ ನೊರೆಗೂ ಉಪಕರಣ ಬೇಕಿಲ್ಲ. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತರದಿಂದ ನಾಲ್ಕು ಸಲ ಸುರಿದರೆ ಸಕ್ಕರೆ ಕರಗುತ್ತದೆ, ಕಾಫಿ ಕುಡಿಯುವ ಬಿಸಿಗೆ ಬರುತ್ತದೆ, ನೊರೆಯೂ ಏಳುತ್ತದೆ. ನೊರೆ ನಿಲ್ಲಲು ಹಾಲು ಹೊಸದಾಗಿ ಕಾಯಿಸಿದ್ದಾಗಿರಬೇಕು, ನೀರು ಬೆರೆಸಿದ್ದಾಗಿರಬಾರದು.

ಯಂತ್ರ ಸಲ್ಲುವ ಜಾಗಗಳೂ ಇವೆ. ಹಾಲಿಲ್ಲದ ಎಸ್ಪ್ರೆಸೊವನ್ನೇ ದಿನಾ ಬಯಸುವವರಿಗೆ ಒತ್ತಡದ ಯಂತ್ರವಲ್ಲದೆ ಬೇರೆ ದಾರಿಯಿಲ್ಲ. ಆ ನೊರೆ, ಆ ಸಾಂದ್ರತೆ ಮೋಕಾದಲ್ಲೂ ಪೂರ್ತಿ ಬರುವುದಿಲ್ಲ. ಹತ್ತಾರು ಜನ ಬೇರೆಬೇರೆ ಹೊತ್ತಿಗೆ ಕಾಫಿ ಕುಡಿಯುವ ಕಚೇರಿಯಲ್ಲಿ, ಬಿಸಿಪಾತ್ರೆ ಎತ್ತಲಾಗದ ವಯಸ್ಸಾದವರ ಮನೆಯಲ್ಲಿ ಗುಂಡಿ ಒತ್ತುವ ಯಂತ್ರ ನಿಜವಾದ ಅನುಕೂಲ. ವಾರಕ್ಕೊಮ್ಮೆ ಕ್ಯಾಪುಚಿನೊ ಆಸೆಯಾಗುವವರ ಲೆಕ್ಕ ಮಾತ್ರ ಹೊಂದುವುದಿಲ್ಲ. ಒಂದು ಸಾಧಾರಣ ಮನೆಬಳಕೆಯ ಯಂತ್ರದ ಹಣಕ್ಕೆ ಅಂಥವರು ವರ್ಷಗಟ್ಟಲೆ ಹೋಟೆಲಿನಲ್ಲಿ ಕುಡಿಯಬಹುದು, ತೊಳೆಯುವ ಕೆಲಸವೂ ಇರದು.

ಫಿಲ್ಟರ್ ಆರಿಸುವಾಗ ನೋಡಬೇಕಾದ್ದು ಹೆಚ್ಚಿಲ್ಲ. ತೂತುಗಳು ಸಣ್ಣವಾಗಿ, ಒತ್ತೊತ್ತಾಗಿ, ಬೆಳಕಿಗೆ ಹಿಡಿದರೆ ಎಲ್ಲವೂ ತೆರೆದು ಕಾಣಬೇಕು. ಎರಡೂ ಪಾತ್ರೆ ಸಡಿಲವಿಲ್ಲದೆ ಕೂರಬೇಕು, ಆದರೆ ಬಿಗಿದು ಕಚ್ಚಿಕೊಳ್ಳಬಾರದು. ಹಿತ್ತಾಳೆಯದಾದರೆ ಒಳಗೆ ಕಲಾಯಿ ಇರಬೇಕು. ತೊಳೆಯಲು ಬಿಸಿನೀರು ಮತ್ತು ಮೆತ್ತನೆಯ ಬ್ರಶ್ ಸಾಕು. ತೂತು ಕಟ್ಟಿದರೆ ಸ್ಟೀಲಿನ ಮೇಲಿನ ಪಾತ್ರೆಯ ತಳವನ್ನು ಒಲೆಯ ಉರಿಗೆ ಕೊಂಚ ಹೊತ್ತು ಹಿಡಿದು, ಸಿಕ್ಕಿಕೊಂಡ ಪುಡಿ ಉರಿದುಹೋದ ಮೇಲೆ ತಟ್ಟಿ ತೊಳೆಯುವುದು ಹಳೆಯ ಕ್ರಮ. ಕಲಾಯಿ ಹಾಕಿದ ಹಿತ್ತಾಳೆಗೆ ಇದನ್ನು ಮಾಡಬಾರದು, ಕಲಾಯಿ ಕರಗುತ್ತದೆ. ಕೊಳ್ಳುವಾಗ ಹೆಚ್ಚಿನವರು ಎಡವುವುದು ಅಳತೆಯಲ್ಲಿ. ದೊಡ್ಡದಿದ್ದರೆ ನೆಂಟರು ಬಂದಾಗ ಆಗುತ್ತದೆಂದು ಹತ್ತು ಲೋಟದ ಫಿಲ್ಟರ್ ತಂದು ಅದರಲ್ಲಿ ಇಬ್ಬರಿಗೆ ಇಳಿಸಿದರೆ ಪುಡಿಯ ಪದರ ತೆಳುವಾಗಿ ನೀರು ನಿಲ್ಲದೆ ಇಳಿಯುತ್ತದೆ, ಡಿಕಾಕ್ಷನ್ ನೀರಾಗುತ್ತದೆ. ಮೇಲಿನ ಪಾತ್ರೆಯ ಮೂರನೇ ಒಂದು ಭಾಗವಾದರೂ ಪುಡಿ ತುಂಬುವಂತಿರಬೇಕು. ದಿನದ ಬಳಕೆಗೆ ಎರಡು ಮೂರು ಲೋಟದ್ದೊಂದು, ಹಬ್ಬಹರಿದಿನಕ್ಕೆ ದೊಡ್ಡದೊಂದು, ಹೀಗೆ ಎರಡನ್ನು ಇಟ್ಟುಕೊಂಡರೂ ಚಿಕ್ಕದನ್ನು ದೊಡ್ಡದರೊಳಗೆ ಇಳಿಸಿ ಒಂದೇ ಫಿಲ್ಟರ್‌ನ ಜಾಗದಲ್ಲಿ ಇಡಬಹುದು.